ಎದುರಿಗೆ ನಿಲ್ಲುವವನ ಜಾಗ

ಸವಣೂರು
೬-೧-೧೯೬೪

ನಿಮ್ಮ ಪಾದಗಳಿಗೆ ಸರೋಜಾಳ ಶರಣಾರ್ಥಿ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ಪುಸ್ತಕ ಮುಟ್ಟಿತು. ಮೂಲೆಗೆಲ್ಲ ಎಣ್ಣೆ ಹತ್ತಿದೆ, ಎರಡು ಹಾಳೆ ಅಂಟಿಕೊಂಡಿವೆ. ಮೂವತ್ತೆರಡು ಪುಟ, ಎಲ್ಲವೂ ಇಂಗ್ಲಿಷು. ಅಣೆಕಟ್ಟಿನ ಸಾಮಾನು ಹರಾಜಾಗುವಾಗ ಪೆಟ್ರೋಲಿನ ಗರಗಸ ಹಿಡಿದು ತಂದಿರಿ ಸರಿ, ಅದನ್ನು ನಡೆಸುವ ರೀತಿ ಹೇಳಿಕೊಡುವ ಒಬ್ಬನೂ ಅಲ್ಲಿರಲಿಲ್ಲವೇ? ಧಾರವಾಡದ ಕಾಲೇಜಿನಲ್ಲಿ ಮೂರು ವರ್ಷ ನಾನು ಓದಿದ್ದು ಪದ್ಯ. ಪ್ಲಗ್ಗು, ಸರಪಳಿ, ಪೆಟ್ರೋಲು ಅದರಲ್ಲಿ ಬಂದಿರಲಿಲ್ಲ. ಆದರೂ ಮಾಡುತ್ತೇನೆ. ಹೇಗೂ ನನಗೆ ನಿದ್ದೆ ಬರುವುದಿಲ್ಲ.

ಇವತ್ತಿಗೆ ಇಷ್ಟು ಬರೆದಿದ್ದೇನೆ. ಕೆಲಸ ಶುರುವಾಗುವ ಮೊದಲು ಎಲ್ಲರಿಗೂ ಓದಿ ಹೇಳಿರಿ. ಪೆಟ್ರೋಲು ತುಂಬುವಾಗ ಯಂತ್ರ ಆರಿರಬೇಕು, ತಣ್ಣಗಾಗಿರಬೇಕು. ತುಂಬಿದ ಜಾಗದಲ್ಲೇ ಚಾಲೂ ಮಾಡಬಾರದು, ಹತ್ತು ಹೆಜ್ಜೆ ದೂರ ಒಯ್ಯಬೇಕು. ಬೀಡಿಯವರು ಇನ್ನೂ ದೂರ. ಚಾಲೂ ಮಾಡುವಾಗ ತೊಡೆಯ ಮೇಲೆ ಇಟ್ಟುಕೊಳ್ಳದೆ ನೆಲಕ್ಕೆ ಒತ್ತಿ ಹಿಡಿಯಬೇಕು. ಸಡಿಲು ಬಟ್ಟೆ ಕೂಡದು ಎಂದಿದೆ. ಪುಸ್ತಕ ಬರೆದವರು ಧೋತರ ನೋಡಿರಲಿಕ್ಕಿಲ್ಲ. ಕಚ್ಚೆ ಬಿಗಿದು, ರುಮಾಲಿನ ಸೆರಗು ಒಳಗೆ ಸಿಗಿಸಲು ಹೇಳಿರಿ. ಇದು ಆರನೆಯದು. ಎಲ್ಲಕ್ಕೂ ನಂಬರು ಹಾಕಿದ್ದೇನೆ.

ನಮ್ಮ ಕೂಸಿಗೆ ನಾಳೆ ಐವತ್ತು ದಿನ. ಅವ್ವ ಅದನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾಳೆ. ಹಾಲಿನ ಹೊತ್ತಿಗೆ ತಂದು ಕೊಡುತ್ತಾಳೆ, ಆಮೇಲೆ ಒಯ್ಯುತ್ತಾಳೆ.

ಸರೋಜಾ


ತಡಸ
೧೦-೧-೧೯೬೪

ಸೌಭಾಗ್ಯವತಿ ಸರೋಜಾಗೆ ಮಹಾಲಿಂಗಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಮರುದಿನ ಮುಂಜಾನೆಯೇ ಎಲ್ಲರನ್ನೂ ಕೂಡಿಸಿ ಓದಿದೆ. ಈಗ ಅದು ದಿನದ ಪದ್ಧತಿಯಾಗಿದೆ. ಚಹಾ ಕುಡಿಯುವಾಗ ಹುಚ್ಚಪ್ಪ ಶುರು ಮಾಡುತ್ತಾನೆ: "ಧಣ್ಯಾರ, ಇವತ್ತ ಅಕ್ಕಾರ ಪುರಾಣ ಎಲ್ಲಿಗಿ ಬಂತ್ರಿ? ಬೀಡಿ ಸೇದೂದು ಬಿಡ್ರಿ ಅಂದ್ರು, ನಾಳೆ ಉಸರಾಡೂದು ಬಿಡ್ರಿ ಅಂತಾರೇನು?" ನಗುತ್ತಾರೆ, ಆದರೂ ಬೀಡಿ ಹಿಡಿದವರು ನೆರಳಿಗೆ ಸರಿದು ಕೂಡುತ್ತಾರೆ. ನಿನ್ನ ಮಾತಿಗೆ ಕಿಮ್ಮತ್ತಿದೆ.

ಬಂಕಾಪುರದಿಂದ ಇಲ್ಲಿಯ ತನಕ ರಸ್ತೆಯ ಎರಡೂ ಬದಿಯ ಹುಣಸೆ ಮರ ತೆಗೆಯಬೇಕು. ರಸ್ತೆ ಅಗಲ ಮಾಡುವವರು ಬೆನ್ನಿಗೇ ನಿಂತಿದ್ದಾರೆ. ಯಂತ್ರ ಹಿಡಿಯುವವನು ಹುಚ್ಚಪ್ಪ. ಅವನು ಬಂದ ಮೇಲೆ ಶೇಖಸಾಬನೂ ಬಂದ. ನಿನಗೆ ಗೊತ್ತಲ್ಲ, ನಮ್ಮ ಹಾನಗಲ್ಲ ಕಟ್ಟಿಗೆ ವಖಾರಿಯಲ್ಲಿ ಹದಿನಾಲ್ಕು ವರ್ಷ ಒಂದೇ ಗರಗಸದ ಎರಡು ತುದಿ ಎಳೆದ ಜೋಡಿ. ಶೇಖಸಾಬ ನಿಮ್ಮ ಸವಣೂರಿನವನೇ. ಯಂತ್ರಕ್ಕೆ ಒಬ್ಬನೇ ಸಾಕು, ನಿಜ. ಆದರೆ ಅವನು ಹಳೆಯ ಪದ್ಧತಿಯಂತೆ ಮರದ ಆಚೆ ಬದಿ, ಹುಚ್ಚಪ್ಪನ ಎದುರಿಗೇ ನಿಲ್ಲುತ್ತಾನೆ. ಎಡಗೈ ಅಂಗೈಯನ್ನು ತೊಗಟೆಗೆ ಒತ್ತಿ ಹಿಡಿದು, ಗರಗಸ ಎಲ್ಲಿಯ ತನಕ ಬಂತು ಎಂದು ಒಳಗಿನ ನಡುಕದ ಮೇಲೆ ಹೇಳುತ್ತಾನೆ. "ಬಂತು, ಬಂತು, ಇನ್ನ ನಾಕು ಬಟ್ಟು" ಎನ್ನುತ್ತಾನೆ. ಸರಿಯಾಗಿ ನಾಲ್ಕೇ ಬೆರಳು ಉಳಿದಿರುತ್ತದೆ. ನೋಡುವಂಥದು.

ಅವ್ವಾರು ಕೂಸನ್ನು ನೋಡಿಕೊಳ್ಳುವುದು ಒಳ್ಳೆಯದೇ ಆಯಿತು. ನಿನಗೆ ನಿದ್ದೆ ಸಿಗುತ್ತದೆ.

ಮಹಾಲಿಂಗಪ್ಪ


ಸವಣೂರು
೧೪-೧-೧೯೬೪

ನಿಮ್ಮ ಪಾದಗಳಿಗೆ ಶರಣಾರ್ಥಿ.

ಸಂಕ್ರಾಂತಿ. ಮನೆಯಲ್ಲಿ ಎಳ್ಳು ಹುರಿದ ವಾಸನೆ. ನಾನು ಅಂಟಿದ್ದ ಎರಡು ಹಾಳೆಗಳನ್ನು ಉಗಿಯಲ್ಲಿ ಹಿಡಿದು ಬಿಡಿಸಿದೆ. ಹನ್ನೊಂದನೆಯದು ಅಲ್ಲಿತ್ತು. ಅದನ್ನೇ ಮೊದಲು ಬರೆಯುತ್ತೇನೆ, ಕೆಳಗೆ ಎರಡು ಗೆರೆ ಹಾಕಿದ್ದೇನೆ:

ಕೊಯ್ಯುವ ಮರದ ಆಚೆ ಬದಿಯಲ್ಲಿ ಯಾರೂ ನಿಲ್ಲಬಾರದು. ಅಲಗಿನ ತುದಿ ಯಾವ ಗಳಿಗೆಯಲ್ಲಾದರೂ ಅಲ್ಲಿ ಹೊರಬೀಳಬಹುದು. ಯಂತ್ರ ಹಿಡಿದವನ ಹೊರತು ಮತ್ತೊಬ್ಬನಿಗೆ ಮರದ ಹತ್ತಿರ ಕೆಲಸವಿಲ್ಲ.

ಶೇಖಸಾಬ ನಿಲ್ಲುವುದು ಅಲ್ಲೇ ಅಲ್ಲವೇ? ಕೈಗರಗಸವನ್ನು ಅವನು ತಾನೇ ಎಳೆಯುತ್ತಿದ್ದ, ಬೇಡವಾದರೆ ತಾನೇ ನಿಲ್ಲಿಸುತ್ತಿದ್ದ. ಇದು ಅವನ ಕೈಯಲ್ಲಿಲ್ಲ. ಇದನ್ನು ಅವನಿಗೆ ಎದುರಿಗೆ ಕೂಡಿಸಿ ಓದಿರಿ.

ಉಳಿದವು: ಅಲಗಿನ ತುದಿಯಿಂದ ಕೊಯ್ಯಬಾರದು, ತುದಿ ಎಲ್ಲಿಯಾದರೂ ತಾಗಿದರೆ ಇಡೀ ಯಂತ್ರ ಹಿಡಿದವನ ಮುಖದ ಕಡೆ ಸಿಡಿಯುತ್ತದೆ. ಮುಂದಿನ ಹಿಡಿಕೆಗೆ ಎಡಗೈ ಹೆಬ್ಬೆರಳು ಕೆಳಗಿನಿಂದ ಸುತ್ತಿರಬೇಕು. ಹೆಗಲಿಗಿಂತ ಮೇಲೆ ಎತ್ತಬಾರದು. ಮರ ಬೀಳುವ ಮೊದಲೇ, ಹಿಂದಕ್ಕೆ ಓರೆಯಾಗಿ ಓಡುವ ದಾರಿ ಸ್ವಚ್ಛ ಮಾಡಿಟ್ಟಿರಬೇಕು.

ಕೂಸು ಅಳುತ್ತದೆ ಎಂದು ಅವ್ವ ಹೇಳುತ್ತಾಳೆ. ನನಗೂ ಕೇಳಿಸುತ್ತದೆ, ಪಕ್ಕದ ಮನೆಯಲ್ಲಿ ಅತ್ತ ಹಾಗೆ.

ಸರೋಜಾ


ತಡಸ
೧೯-೧-೧೯೬೪

ಸೌಭಾಗ್ಯವತಿ ಸರೋಜಾಗೆ ಆಶೀರ್ವಾದ.

ಕಾಗದ ಬಂತು. ಎಲ್ಲಾ ಓದಿದೆ. ಹೆಬ್ಬೆರಳಿನ ಮಾತು ಹುಚ್ಚಪ್ಪನಿಗೆ ಬಹಳ ಉಪಯೋಗವಾಯಿತು, ಅವನು ಹೆಬ್ಬೆರಳನ್ನು ಮೇಲೆ ಇಡುತ್ತಿದ್ದ. ಈ ವಾರ ಒಂಬತ್ತು ಮರ ಇಳಿದವು. ಕೈಗರಗಸದಲ್ಲಿ ವಾರಕ್ಕೆ ಎರಡಾದರೆ ಹೆಚ್ಚು. ಶಿಗ್ಗಾಂವಿಯ ಕಡೆಯಿಂದ ಜನ ನೋಡಲು ಬರುತ್ತಾರೆ.

ನಿನ್ನೆ ದೊಡ್ಡದೊಂದು ಮರ, ಮೂರು ಜನ ಕೈ ಹಿಡಿದು ಸುತ್ತಬೇಕು. ನಡುವೆ ಪೊಳ್ಳು. ಶೇಖಸಾಬ ಮುಟ್ಟಿ ಹೇಳಿದ, "ಧಣ್ಯಾರ, ಇದರ ಹೊಟ್ಟಿ ಖಾಲಿ ಐತ್ರಿ, ಸಾವಕಾಶ." ಹಾಗೆಯೇ ಇತ್ತು.

ನಿನ್ನ ಪ್ರಕೃತಿ ಕಾಪಾಡಿಕೋ. ಕೂಸಿಗೆ ನನ್ನ ಮುದ್ದು.

ಮಹಾಲಿಂಗಪ್ಪ


ಸವಣೂರು
೨೨-೧-೧೯೬೪

ಶರಣಾರ್ಥಿ.

ನೀವು ಹನ್ನೊಂದನೆಯದನ್ನು ಓದಿಲ್ಲ. ಓದಿದ್ದರೆ ಅವನು ಮರ ಮುಟ್ಟಿ ಹೇಗೆ ಹೇಳಿದ? ಎಲ್ಲಾ ಓದಿದೆ ಎಂದು ಬರೆದಿರಿ. ನೀವೊಬ್ಬರೇ ಓದಿಕೊಂಡಿದ್ದೀರಿ ಎಂದು ಅದರರ್ಥವಾಗಿದ್ದರೆ ನನ್ನ ಮುಂದೆ ಈ ವಕೀಲಿ ಬೇಡ.

ನಿನ್ನೆ ಅವ್ವ ನೀರು ಕಾಯಿಸಿ ಎಲೆ ತರಲು ಹೋದಳು. ಅಷ್ಟೇ. ಬೇರೆ ಏನಿಲ್ಲ.

ಉತ್ತರ ಬರೆಯಿರಿ.

ಸರೋಜಾ


ತಡಸ
೨೭-೧-೧೯೬೪

ಸರೋಜಾ,

ಹೌದು, ಓದಿಲ್ಲ. ಮೂರು ಸಲ ಕಾಗದ ಕೈಗೆ ತೆಗೆದುಕೊಂಡೆ. ಹತ್ತನೆಯದರ ತನಕ ಓದಿ ಹನ್ನೆರಡಕ್ಕೆ ಹೋದೆ.

ನೀನು ಕೂತು ಯೋಚಿಸು. "ಮತ್ತೊಬ್ಬನಿಗೆ ಮರದ ಹತ್ತಿರ ಕೆಲಸವಿಲ್ಲ." ಇದನ್ನು ಹತ್ತು ಜನರೆದುರು ನಾನು ಓದಿದರೆ ಅದು ಶೇಖಸಾಬನಿಗೆ ಕೆಲಸ ಬಿಡು ಅಂದ ಹಾಗೆ. ಅವನು ದಡ್ಡನಲ್ಲ. ಯಂತ್ರ ಬಂದ ದಿನವೇ ನನ್ನ ಕೇಳಿದ್ದ: "ಧಣ್ಯಾರ, ಇದಕ್ಕ ಒಂದ ಹಿಡಿಕಿ ಐತಿ. ನನ್ನ ಹಿಡಿಕಿ ಎಲ್ಲೈತ್ರಿ?" ನಾನು ನಕ್ಕು ಬಿಟ್ಟೆ. ಟೊಂಗೆ ಸವರುವ ಕೆಲಸ ಕೊಡಬಹುದು. ಅದನ್ನು ನಿನ್ನೆ ಮೊನ್ನೆ ಬಂದವರು ಮಾಡುತ್ತಾರೆ, ಇವನಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಹುಚ್ಚಪ್ಪನೂ ಒಪ್ಪುವುದಿಲ್ಲ. "ಎದುರಿಗಿ ಅವ ಇಲ್ಲಂದ್ರ ನನ್ನ ಕೈ ಓಡಂಗಿಲ್ರಿ" ಅನ್ನುತ್ತಾನೆ.

ಹನ್ನೊಂದನೆಯದನ್ನು ಬೇರೆ ರೀತಿ ಬರೆದು ಕಳಿಸು. ಅವನು ಸರಿಯಲೂಬೇಕು, ಅವನ ಮನಸ್ಸಿಗೆ ಹತ್ತಲೂಬಾರದು. ನೀನು ಕಲಿತವಳು. ಅಲ್ಲಿಯ ತನಕ ನಾನೇ ಕಣ್ಣಿಟ್ಟು ನೋಡುತ್ತಿರುತ್ತೇನೆ.

ಮಹಾಲಿಂಗಪ್ಪ


ಸವಣೂರು
೩೧-೧-೧೯೬೪

ಶರಣಾರ್ಥಿ.

ಬರೆದಿದ್ದೇನೆ. ಇದು ಪುಸ್ತಕದಲ್ಲಿ ಇಲ್ಲ. ನಿಮಗಷ್ಟೇ ಗೊತ್ತಿರಲಿ. ಕಾಯ್ದೆಯನ್ನಷ್ಟೇ ಬೇರೆ ಹಾಳೆಯಲ್ಲೂ ಬರೆದು ಜೊತೆಗೆ ಇಟ್ಟಿದ್ದೇನೆ, ಓದುವಾಗ ಅದನ್ನೇ ಹಿಡಿಯಿರಿ.

ಹನ್ನೊಂದು. ಯಂತ್ರದ ಕೆಲಸದಲ್ಲಿ ಎರಡನೆಯ ಮನುಷ್ಯನೇ ಮುಖ್ಯ. ಅವನು ಅನುಭವಿಯಾಗಿರಬೇಕು. ಅವನು ಯಂತ್ರ ಹಿಡಿದವನ ಹಿಂದೆ, ಮರದ ಎರಡು ಪಟ್ಟು ಉದ್ದದಷ್ಟು ದೂರ ನಿಂತು, ಮರದ ತುದಿಯನ್ನೂ ಗಾಳಿಯನ್ನೂ ರಸ್ತೆಯನ್ನೂ ನೋಡಬೇಕು. ಅವನು ಕೈ ಎತ್ತಿ ಅಪ್ಪಣೆ ಕೊಡುವ ತನಕ ಯಂತ್ರ ಚಾಲೂ ಆಗಕೂಡದು. ಅವನು ಬೇಡ ಎಂದರೆ ಮಾಲೀಕನೂ ಹೂಂ ಎನ್ನುವ ಹಾಗಿಲ್ಲ.

ಕಂಪನಿಯವರು ಬರೆದ ಹಾಗೇ ಬಂದಿದೆ ಅನ್ನಿಸಿತು. ಎರಡು ಸಲ ತಿದ್ದಿದೆ. ಈ ಮೂರು ತಿಂಗಳಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಇದೊಂದೇ.

ಇದು ಮುಟ್ಟಿದ ಮುಂಜಾನೆಯೇ ಓದಿರಿ.

ಸರೋಜಾ


ತಡಸ
೧೧-೨-೧೯೬೪

ಸೌಭಾಗ್ಯವತಿ ಸರೋಜಾಗೆ ಆಶೀರ್ವಾದ.

ತಡವಾಯಿತು, ತಪ್ಪು ತಿಳಿಯಬೇಡ. ಓಡಾಟ ಇತ್ತು. ನಿನ್ನ ಹನ್ನೊಂದನೆಯ ಕಾಯ್ದೆ ಶೇಖಸಾಬನಿಗೆ ನಾನೇ ಓದಿದೆ. ಅವನು ಇನ್ನೊಮ್ಮೆ ಓದಿಸಿಕೊಂಡ. ಚೊಲೋ ಕಾಯ್ದೆ ಅಂದ. ಆ ಬೇರೆ ಹಾಳೆ ಈಗ ಅವನ ಹತ್ತಿರವೇ ಇದೆ.

ಅವನು ಈಗ ಎದುರಿಗೆ ನಿಲ್ಲುವುದಿಲ್ಲ.

ನಾಲ್ಕು ದಿನ ಕೆಲಸ ನಿಂತಿತ್ತು. ಈಗ ಟೊಂಗೆ ಸವರುವುದಷ್ಟೇ ನಡೆದಿದೆ. ಕೂಸು ಹೇಗಿದೆ?

ಮಹಾಲಿಂಗಪ್ಪ


ಸವಣೂರು
೧೪-೨-೧೯೬೪

ಶರಣಾರ್ಥಿ.

ಒಳ್ಳೆಯದಾಯಿತು. ಸಂತೋಷವಾಗಬೇಕಿತ್ತು. ಆಗಿದೆ ಎಂದೇ ತಿಳಿಯಿರಿ. ನಿಮ್ಮ ಕಾಗದವನ್ನು ಅವ್ವನಿಗೂ ಓದಿ ಹೇಳಿದೆ. "ಒಂದು ಜೀವಾ ಉಳಿಸಿದಿ ನೋಡವ್ವಾ" ಅಂದಳು. ಅದೇ ಕಾಗದವನ್ನು ಇನ್ನೂ ಎರಡು ಸಲ ಓದಿದೆ, ಏನಾದರೂ ಅನ್ನಿಸೀತು ಎಂದು.

ಉಳಿದ ಪುಟಗಳಲ್ಲಿ ಸರಪಳಿ ಹರಿತ ಮಾಡುವ ವಿಷಯ ಇದೆ. ಆಮೇಲೆ ಬರೆಯುತ್ತೇನೆ. ಕೂಸು ಅವ್ವನ ಹತ್ತಿರ ಚೆನ್ನಾಗಿದೆ.

ಸರೋಜಾ


ಸವಣೂರು
೨೧-೨-೧೯೬೪

ನಿನ್ನೆ ಮಧ್ಯಾಹ್ನ ಖತೀಜಾಬಿ ಬಂದಿದ್ದರು. ಶೇಖಸಾಬನ ಹೆಂಡತಿ. ನನಗೆ ಮುಖಪರಿಚಯವೂ ಇರಲಿಲ್ಲ. ಪಡಸಾಲೆಯ ಕಂಬದ ಹತ್ತಿರ ನಿಂತೇ ಕೇಳಿದರು, "ಧಣ್ಯಾರ ಮನ್ಯಾಗಿನ ಅಕ್ಕಾರ ನೀವೇನ್ರಿ? ಇಂಗ್ಲೀಷ ಬುಕ್ಕ ನಿಮ್ಮ ಹತ್ರ ಐತಂತ."

ನಾನು ಕೂಡ್ರಿ ಎಂದೆ. ನಿಮ್ಮ ಯಜಮಾನರು ಹೇಗಿದ್ದಾರೆ, ಈಗ ದೂರ ನಿಲ್ಲುತ್ತಾರಂತೆ ಎಂದೆ. ಅವರು ನನ್ನ ಮುಖ ನೋಡಿದರು.

"ದೂರ ನಿಲ್ಲೂದಾ? ಮಲಗ್ಯಾರ್ರಿ ಮನ್ಯಾಗ. ಎಡಗೈದು ಮೂರ ಬೆರಳ ಹ್ವಾದ್ವು. ಹುಬ್ಬಳ್ಳಿ ದವಾಖಾನಿಂದ ಕರ್ಕೊಂಡ ಬಂದು ಐದ ದಿನ ಆತು. ಧಣ್ಯಾರ ಹೇಳಿಲ್ಲೇನ್ರಿ?"

ಹೇಳಿದ್ದಾರೆ ಎಂದೆ. ನಿಮ್ಮ ಮಾನಕ್ಕಾಗಿ ಅಂದೆನೋ ನನ್ನದಕ್ಕೋ ತಿಳಿಯದು.

ಫೆಬ್ರುವರಿ ಒಂದನೆಯ ತಾರೀಖು ಆಗಿದ್ದಂತೆ. ನಾನು ಹನ್ನೊಂದನೆಯದನ್ನು ಬರೆದು ಅಂಚೆಗೆ ಹಾಕಿದ ಮರುದಿನ. ಮತ್ತೊಂದು ಪೊಳ್ಳು ಮರ, ಹುಚ್ಚಪ್ಪ ಒತ್ತಿದ, ಅಲಗು ಒಮ್ಮೆಲೇ ಆಚೆಗೆ ದಾಟಿತು. ಅಂಗೈ ಅಲ್ಲೇ ಇತ್ತು. ನೀವು ನನ್ನ ಕಾಗದವನ್ನು ಓದಿದ್ದು ದವಾಖಾನೆಯ ಕಾಟಿನ ಹತ್ತಿರ ಕೂತು. "ಅವನು ಈಗ ಎದುರಿಗೆ ನಿಲ್ಲುವುದಿಲ್ಲ" ಎಂದು ಬರೆದಿರಿ. ಸುಳ್ಳಲ್ಲ. ವ್ಯಾಕರಣವೂ ಸರಿಯಿದೆ.

ಅವರು ಬಂದದ್ದು ಇದನ್ನು ಹೇಳಲು ಅಲ್ಲ. ಸೆರಗಿನ ಗಂಟಿನಿಂದ ನಾನು ಬರೆದ ಕಾಯ್ದೆಯ ಹಾಳೆ ತೆಗೆದರು. ಮಡಿಕೆಗಳಲ್ಲಿ ಹರಿದಿತ್ತು. "ದಿನಾ ನಾಕ ಸಲ ಓದಸ್ತಾರ್ರಿ ಕಂಡಕಂಡವರ ಕಡೆ. ನನ್ನ ಜಾಗಾ ಬುಕ್ಕಿನಾಗ ಐತಿ, ನಾ ಹೂಂ ಅನ್ನೂತನಕ ಮಷೀನ ಶುರು ಆಗಂಗಿಲ್ಲ ಅಂತಾರ. ಓಣ್ಯಾಗ ಮಂದಿ ನಗತಾರ, ಬೆರಳ ಹ್ವಾದವಗ ಧಣಿ ಬಣ್ಣದ ಮಾತ ಬರದ ಕೊಟ್ಟಾನ ಅಂತ. ಸುಳ್ಳಿದ್ರ ಈಗ ಹೇಳಿಬಿಡ್ರಿ ಅಕ್ಕಾರ, ನಾ ಅವರನ್ನ ಬ್ಯಾರೆ ಕೆಲಸಕ್ಕ ಹಚ್ಚತೇನಿ. ಖರೇ ಇದ್ರ, ಬುಕ್ಕಿನಾಗಿಂದ ಓದ್ರಿ. ಇಂಗ್ಲೀಷನ್ಯಾಗ."

ಪುಸ್ತಕ ತಂದೆ. ಒಳಗೆ ಕೂಸು ಅಳುತ್ತಿತ್ತು, ಅವ್ವ ಹಿತ್ತಲಲ್ಲಿದ್ದಳು. ಖತೀಜಾಬಿ ಎದ್ದು ಹೋಗಿ ತೊಟ್ಟಿಲಿನಿಂದ ಅದನ್ನು ಎತ್ತಿ ತಂದು, ಏನೂ ಕೇಳದೆ ನನ್ನ ತೊಡೆಯ ಮೇಲೆ ಇಟ್ಟು, ಎದುರಿಗೆ ಕೂತರು. ನಾನು ಹದಿನಾಲ್ಕನೆಯ ಪುಟ ತೆಗೆದೆ. ಅಲ್ಲಿ ಪ್ಲಗ್ಗನ್ನು ಒಣ ಬಟ್ಟೆಯಿಂದ ಒರೆಸಬೇಕು ಎಂದಿದೆ. ಬೆರಳಿಟ್ಟು ಇಂಗ್ಲಿಷಿನಲ್ಲಿ ಅದನ್ನೇ ಓದಿದೆ. ಆಮೇಲೆ ಕನ್ನಡದಲ್ಲಿ ಎರಡನೆಯ ಮನುಷ್ಯನ ಕಾಯ್ದೆ ಹೇಳಿದೆ.

"ಇನ್ನೊಮ್ಮೆ ಓದ್ರಿ, ಇಂಗ್ಲೀಷ" ಎಂದರು. ಅವರಿಗೆ ಆ ಭಾಷೆ ಬರುವುದಿಲ್ಲ. ಮೊದಲಿನ ಹಾಗೇ ಬರುತ್ತದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ನಾನು ಒಂದು ಅಕ್ಷರ ತಪ್ಪದೆ ಮತ್ತೆ ಓದಿದೆ. ಮೂರನೆಯ ಸಲವೂ ಓದಿಸಿದರು. ಆಮೇಲೆ "ಹಂಗಾರ ಖರೇ ಐತಿ" ಎಂದು ಕಾಗದವನ್ನು ಗಂಟಿಗೆ ಕಟ್ಟಿಕೊಂಡು ಎದ್ದರು.

ಈಗ ನೀವು ಕೇಳಿರಿ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರು ಸಲ ಸುಳ್ಳು ಓದಿದ್ದೇನೆ. ಅದನ್ನು ಖರೆ ಮಾಡುವುದು ನಿಮ್ಮ ಕೆಲಸ. ಅವನು ಬಂದಾಗ ಒಂದು ಅಕ್ಷರವೂ ಕಡಿಮೆಯಾಗಬಾರದು.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಅವ್ವ ಎಲೆ ತರಲು ಹೋದ ದಿನ ಕೂಸು ಬಚ್ಚಲಲ್ಲಿ ನನ್ನ ಕಾಲ ಮೇಲಿತ್ತು. ಪಕ್ಕದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕೂಸು ಜಾರುತ್ತಿತ್ತು, ನಾನು ನೋಡುತ್ತಿದ್ದೆ. ಕೈ ಚಾಚಬೇಕೆಂದು ಗೊತ್ತಿತ್ತು. ಚಾಚಲಿಲ್ಲ. ಅವ್ವ ಬಂದು ಹಿಡಿದಳು. ಅವತ್ತಿನಿಂದ ಕೂಸನ್ನು ನನ್ನೊಬ್ಬಳ ಹತ್ತಿರ ಬಿಟ್ಟಿಲ್ಲ. ಅದಕ್ಕೂ ಮೊದಲೇ, ಅವ್ವ ಕೂಸನ್ನು ಒಯ್ಯುತ್ತಾಳೆ ಎಂದು ನಾನು ಬರೆದಾಗ, ನೀವು ನಿದ್ದೆ ಸಿಗುತ್ತದೆ ಎಂದು ಬರೆದಿರಿ.

ಸರೋಜಾ


ತಡಸ
೨-೩-೧೯೬೪

ಸರೋಜಾ,

ನಿನ್ನ ಕಾಗದಕ್ಕೆ ಉತ್ತರ ಕೊಡುವ ಮೋರೆ ನನಗಿಲ್ಲ. ಬಚ್ಚಲಿನ ವಿಷಯ ಓದಿ ಬಸ್ಸು ಹತ್ತಲು ನಿಂತೆ. ಅಷ್ಟರಲ್ಲಿ ಶೇಖಸಾಬ ಅದೇ ಬಸ್ಸಿನಿಂದ ಇಳಿದ. ಕೈ ಕೊರಳಿಗೆ ಕಟ್ಟಿತ್ತು. ನಾನು ಉಳಿದೆ. ಉಳಿದದ್ದಕ್ಕೆ ಬೈಯಬಹುದು.

ಮೊನ್ನೆ ಶುಕ್ರವಾರ ರಸ್ತೆಯ ಸುಂಕದ ನಾಕೆಯ ಹತ್ತಿರದ ಹುಣಸೆ ಇಳಿಸಬೇಕಿತ್ತು. ಅವನು ಬಂದು ಮರದ ಸುತ್ತ ಒಂದು ಸುತ್ತು ಹಾಕಿದ. ಮುಟ್ಟಲಿಲ್ಲ. ಆಮೇಲೆ ಹೆಜ್ಜೆ ಎಣಿಸುತ್ತ ಹಿಂದಕ್ಕೆ ಹೋಗಿ ಗಾಡಿದಾರಿಯ ಅಂಚಿಗೆ ನಿಂತ. ಹುಚ್ಚಪ್ಪ ಯಂತ್ರ ನೆಲಕ್ಕೆ ಒತ್ತಿ ಹಿಡಿದು ಅವನನ್ನೇ ನೋಡುತ್ತಿದ್ದ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ನಾವೆಲ್ಲ ಕಾದೆವು. ಬಹಳ ಹೊತ್ತಿನ ಮೇಲೆ ಶೇಖಸಾಬ, "ಬ್ಯಾಡ. ಇವತ್ತ ಬ್ಯಾಡ" ಅಂದ. ಯಾಕೆ ಎಂದು ನಾನು ಕೇಳಲಿಲ್ಲ. ಹುಚ್ಚಪ್ಪ ಯಂತ್ರಕ್ಕೆ ಗೋಣಿ ಹೊದಿಸಿ, ನೆರಳಿಗೆ ಒಯ್ದು ಇಟ್ಟ.

ಶನಿವಾರವೂ ಅದೇ. ಇವತ್ತೂ ಅದೇ. ಬರುತ್ತಾನೆ, ಸುತ್ತು ಹಾಕುತ್ತಾನೆ, ಹೆಜ್ಜೆ ಎಣಿಸಿ ಹೋಗಿ ನಿಲ್ಲುತ್ತಾನೆ, ಬ್ಯಾಡ ಅನ್ನುತ್ತಾನೆ. ನಾವು ಖರೇ ಕಾಯುತ್ತೇವೋ ಇಲ್ಲವೋ ಎಂದು ನೋಡುತ್ತಿದ್ದಾನೋ, ಅಥವಾ ಅವನಿಗೆ ಆ ಸಪ್ಪಳವೇ ಬೇಡವಾಗಿದೆಯೋ, ನನಗೆ ತಿಳಿಯುವುದಿಲ್ಲ.

ಇವತ್ತು ರಸ್ತೆಯ ಓವರಸಿಯರ ಸೈಕಲ್ಲಿನಿಂದ ಇಳಿದವನೇ ಒದರಿದ: "ಏನ್ರೀ ಮಹಾಲಿಂಗಪ್ಪ, ಮಷಿನ್ನಿಗೆ ಲಗ್ನದ ಮುಹೂರ್ತ ಹುಡಕಾಕತ್ತೀರೇನು? ಈ ಮರ ಬೀಳೂತನಕ ನಮ್ಮ ಖಡಿಕಲ್ಲಿನ ಗಾಡಿ ಮುಂದ ಹೋಗಂಗಿಲ್ಲ." ಎರಡನೆಯ ಮನುಷ್ಯ ಹೂಂ ಅಂದಿಲ್ಲ, ಕಂಪನಿಯ ಕಾಯ್ದೆ ಐತಿ ಅಂದೆ. "ಎಲ್ಲೈತಿ ಕಾಯ್ದೆ? ಬುಕ್ ತೋರಸ್ರಿ. ನನಗೂ ಇಂಗ್ಲೀಷ್ ಬರತೈತಿ" ಅಂದ. ಶೇಖಸಾಬ ದೂರದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದ. ಬುಕ್ ಸವಣೂರಾಗ ನನ್ನ ಹೆಂಡತಿ ಹತ್ತರ ಐತಿ ಅಂದೆ. ಗುರುವಾರದೊಳಗೆ ಮರ ಬೀಳದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಹೇಳಿ ಹೋಗಿದ್ದಾನೆ.

ಏನು ಮಾಡಲಿ? ನೀನು ಹೇಳಿದ ಹಾಗೆ.

ಮಹಾಲಿಂಗಪ್ಪ


ಸವಣೂರು
೪-೩-೧೯೬೪

ಶರಣಾರ್ಥಿ.

ಕಾಯಿರಿ.

ಕೈಗರಗಸದಿಂದ ಬೇರೆ ಯಾರಾದರೂ ಬಂದು ಆ ಮರ ಇಳಿಸಿದರೆ ಇಳಿಸಿಕೊಳ್ಳಲಿ. ನಮ್ಮ ಯಂತ್ರ ಅವನ ಮಾತಿಲ್ಲದೆ ಚಾಲೂ ಆಗುವುದಿಲ್ಲ. ಶುಕ್ರವಾರವೂ ಅವನು ಬೇಡ ಎಂದರೆ ಶುಕ್ರವಾರವೂ ಇಲ್ಲ.

ಕಾಗದ ಬರೆಯುವಾಗ ಅವ್ವ ನನ್ನ ತೊಡೆಯ ಮೇಲಿನ ಕೂಸನ್ನು ಒಯ್ಯಲು ಕೇಳಿದಳು. ಇರಲಿ ಎಂದೆ. ಅವಳು ಹೊಸ್ತಿಲಲ್ಲೇ ಕೂತು ನನ್ನ ಕೈ ನೋಡುತ್ತಿದ್ದಾಳೆ. ನೋಡಲಿ. ನಾನೇ ನನ್ನ ಕೈಯನ್ನು ಪೂರ್ತಿ ನಂಬಿಲ್ಲ.

ಓವರಸಿಯರನನ್ನು ಇಲ್ಲಿಗೆ ಕಳಿಸಿರಿ. ಪುಸ್ತಕ ಅವನ ಕೈಗೆ ಕೊಡುವುದಿಲ್ಲ. ಹನ್ನೊಂದನೆಯದನ್ನು ಇಂಗ್ಲಿಷಿನಲ್ಲಿ ನಾನೇ ಓದುತ್ತೇನೆ.

ಸರೋಜಾ